ಐದು ಕಾಲಿನ ಇರುವೆ

ಕಳ್ಳತನ ಅಕ್ಕನ ಕಣ್ಣಿಗೆ ಬಿದ್ದದ್ದು ಕಣ್ಣಿನ ಡಾಕ್ಟರ ಕ್ಲಿನಿಕ್ಕಿನಲ್ಲಿ. ಒಳಗಿನಿಂದ ಕರೆ ಬರುವವರೆಗೆ ಕಾಯುತ್ತ ಕೂತವಳು ಬೇಸರಕ್ಕೆ ಎದುರಿನ ಗೋಡೆಯ ಕಡೆ ನೋಡಿದಳು. ಅಲ್ಲಿ, ಕುಡಿಯುವ ನೀರಿನ ಕ್ಯಾನಿನ ಮೇಲ್ಗಡೆ, ಗಾಜಿನ ಕಟ್ಟಿನೊಳಗೆ ಒಂದರ ಮೇಲೊಂದು ಹೇರಿದ ಮುರುಕು ಕುರ್ಚಿಗಳು. ಅವು ಆಕೆಯವೇ ಕುರ್ಚಿಗಳು. ತಾಮ್ರದ ತಗಡಿನ ಮೇಲೆ ಸೂಜಿ ಹಿಡಿದು ಒಂದೊಂದು ಕಾಲನ್ನೂ ಕೊರೆದು, ಗೆರೆಗಳಿಗೆ ಮಸಿ ತುಂಬಿ, ಪ್ರೆಸ್ಸಿನ ಚಕ್ರ ತಿರುಗಿಸಿ ಕಾಗದಕ್ಕೆ ಇಳಿಸಿದವಳು ಅವಳೇ.

ಎದ್ದು ಹೋಗಿ ಗಾಜಿಗೆ ಮೂಗು ತಾಗುವಷ್ಟು ಬಗ್ಗಿದಳು. ಕಣ್ಣಿಗೆ ಪೊರೆ ಬಂದು ಲೋಕವೆಲ್ಲ ಹಾಲು ಬೆರೆಸಿದ ನೀರಿನ ಹಾಗೆ ಕಾಣುತ್ತಿದ್ದ ಕಾಲ ಅದು. ಆದರೂ ಕುರ್ಚಿಗಳ ಕೆಳಗಿನ ಬಿಳಿ ಅಂಚು ಖಾಲಿ ಇರುವುದು ತಿಳಿಯುತ್ತಿತ್ತು. ಅಲ್ಲಿ ಪೆನ್ಸಿಲ್ಲಿನ ಸಹಿ ಇರಬೇಕಿತ್ತು. ಸಹಿಯ ಎಡಕ್ಕೆ, ಒಟ್ಟು ಇಷ್ಟರಲ್ಲಿ ಇದು ಇಷ್ಟನೆಯದು ಎನ್ನುವ ಸಂಖ್ಯೆ ಇರಬೇಕಿತ್ತು. ಎರಡೂ ಇರಲಿಲ್ಲ. ಅಕ್ಕನ ಎದೆ ಧಸಕ್ಕೆಂದಿತು.

"ಈ ಚಿತ್ರ ಎಲ್ಲಿಂದ ಬಂತಮ್ಮಾ?" ಎಂದು ರಿಸೆಪ್ಶನ್ನಿನ ಹುಡುಗಿಯನ್ನು ಕೇಳಿದಳು.

"ಗೊತ್ತಿಲ್ಲ ಮೇಡಮ್, ನಾನು ಸೇರೋಕೆ ಮುಂಚಿಂದಾನೂ ಇದೆ. ಯಾಕೆ, ಚೆನ್ನಾಗಿಲ್ವಾ?"

"ಚೆನ್ನಾಗೇ ಇದೆ. ಅದೇ ತೊಂದರೆ," ಎಂದಳು ಅಕ್ಕ.

ಇದರಲ್ಲಿ ಎದೆ ಒಡೆದುಕೊಳ್ಳುವಂಥದ್ದು ಏನಿದೆ ಎಂದು ಕೇಳುವವರಿಗೆ ಈ ಕಸುಬಿನ ಒಳಗುಟ್ಟು ಸ್ವಲ್ಪ ಹೇಳಬೇಕು. ಒಂದು ತಗಡಿನಿಂದ ಬೇಕಾದಷ್ಟು ಅಚ್ಚು ತೆಗೆಯಬಹುದು. ಹಾಗೆ ತೆಗೆಯುವುದಿಲ್ಲ ಎಂದು ಕೊಳ್ಳುವವರಿಗೆ ಕೊಡುವ ಮಾತಿನ ಮೇಲೆಯೇ ವ್ಯಾಪಾರ ನಿಂತಿರುವುದು. ಇಪ್ಪತ್ತೈದು ಎಂದರೆ ಇಪ್ಪತ್ತೈದೇ. ಅಷ್ಟೂ ತೆಗೆದಾದ ಮೇಲೆ ತಗಡಿನ ಮೇಲೆ ಮೂಲೆಯಿಂದ ಮೂಲೆಗೆ ಆಳವಾಗಿ ಒಂದು ಗೀರು ಎಳೆಯಬೇಕು. ಗೀರು ಬಿದ್ದ ತಗಡಿನಿಂದ ಒಂದು ಅಚ್ಚು ತೆಗೆದು, 'ನೋಡಿ, ಇದರ ಕಥೆ ಮುಗಿಯಿತು' ಎಂದು ಸಾಕ್ಷಿಗೆ ಇಟ್ಟುಕೊಳ್ಳಬೇಕು. ಆ ಮೇಲೆ ಎಲ್ಲಾದರೂ ಸಂಖ್ಯೆಯಿಲ್ಲದ ಒಂದು ಪ್ರತಿ ತಲೆಯೆತ್ತಿತೋ, ಕಲಾವಿದೆ ತನ್ನ ಚಿತ್ರವನ್ನು ತಾನೇ ಕದ್ದು ಮಾರಿದಳು ಎಂದೇ ಅರ್ಥ. ಮಾತು ಕೆಟ್ಟರೆ ಹೋಯಿತು, ಗೆರೆ ಎಷ್ಟು ಚೆನ್ನಾಗಿದ್ದರೂ ಯಾರೂ ಮೂಸುವುದಿಲ್ಲ.

ಆದರೆ ಗೀರು ಎಳೆಯುವುದು ಮಾತ್ರ ಅಕ್ಕನ ಕೈಯಲ್ಲಿ ಆಗದ ಕೆಲಸ. ತಿಂಗಳುಗಟ್ಟಲೆ ತಲೆ ಬಗ್ಗಿಸಿ ಕೊರೆದದ್ದನ್ನು ಒಂದೇ ಏಟಿಗೆ ಕೆಡಿಸುವ ಆ ಕಿರ್ರೆನ್ನುವ ಸದ್ದು ಕೇಳಿದರೆ ಆಕೆಗೆ ಹಲ್ಲು ಜುಮ್ಮೆನ್ನುತ್ತಿತ್ತು. ಅದಕ್ಕೇ ಆ ದಿನ ತಗಡನ್ನು ಮೇಜಿನ ಮೇಲಿಟ್ಟು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುವಳು. ಗೀರು ಎಳೆಯುವುದು, ಮಸಿ ಹಚ್ಚಿ ಸಾಕ್ಷಿಯ ಅಚ್ಚು ತೆಗೆಯುವುದು, ಮೇಜು ಒರೆಸಿಡುವುದು ಎಲ್ಲ ತಂಗಿಯ ಪಾಲು. ಅಕ್ಕ ಪಾರ್ಕಿನಲ್ಲಿ ನಾಲ್ಕು ಸುತ್ತು ಹೊಡೆದು, ಟೀ ಕುಡಿದು, ಮನಸ್ಸು ಗಟ್ಟಿಮಾಡಿಕೊಂಡು ಬರುವ ಹೊತ್ತಿಗೆ ಎಲ್ಲ ಮುಗಿದಿರುತ್ತಿತ್ತು. ಅಂದರೆ, ಇನ್ನೂ ಗೀರು ಬೀಳದ ತಗಡು, ಮಸಿ, ಕಾಗದ ಮತ್ತು ಪ್ರೆಸ್ಸು ಅಷ್ಟೂ ಹೊತ್ತು ಒಬ್ಬಳೇ ಒಬ್ಬಳ ಕೈಯಲ್ಲಿ ಇರುತ್ತಿದ್ದವು.

ಅಲ್ಲಿಗೆ ಬಂದು ನಿಂತಿತು ಅಕ್ಕನ ಯೋಚನೆ. ಛೇ, ಒಡಹುಟ್ಟಿದವಳು ಎಂದು ಒಮ್ಮೆ ತಳ್ಳಿಹಾಕಿದಳು. ತಳ್ಳಿದಷ್ಟೂ ಅದು ಬಾಗಿಲ ಬಳಿಯೇ ಬಂದು ಕೂತಿತು.

ತಂಗಿಯನ್ನು ಚಿಕ್ಕಂದಿನಲ್ಲಿ ಅಕ್ಕ 'ಇರುವೆ' ಎಂದು ಕರೆಯುತ್ತಿದ್ದಳು. ಅಮ್ಮ ಹೊಲಿಗೆ ಮಾಡಿ ಮನೆ ನಡೆಸುತ್ತಿದ್ದ ದಿನಗಳು ಅವು. ಉದುರಿದ ಗುಂಡಿ, ತುಂಡು ದಾರ, ಖಾಲಿ ರೀಲು ಏನು ಸಿಕ್ಕರೂ ಈ ಹುಡುಗಿ ಹೆಕ್ಕಿ ತನ್ನ ಡಬ್ಬಿಗೆ ಸೇರಿಸುವಳು. ದೊಡ್ಡವಳಾದ ಮೇಲೂ ಗುಣ ಬಿಡಲಿಲ್ಲ, ಅದು ಅಕ್ಕನ ಪುಣ್ಯ. ಗ್ಯಾಲರಿಯವರ ಜೊತೆ ಜಗ್ಗಾಡುವುದು, ಕರಾರು ಓದುವುದು, ತೆರಿಗೆ ತುಂಬುವುದು, ಚಿತ್ರಗಳನ್ನು ಎರಡು ರಟ್ಟಿನ ನಡುವೆ ಇಟ್ಟು ಕೊರಿಯರ್ ಮಾಡುವುದು ಎಲ್ಲ ಅವಳೇ. ಕರಾರಿನ ಕೆಳಗೆ ಸಾಸಿವೆ ಗಾತ್ರದಲ್ಲಿ ಅಚ್ಚಾದ ಸಾಲನ್ನು ಮೊದಲು ಓದುವುದು ಅವಳ ಪದ್ಧತಿ. "ಮುಖ್ಯವಾದದ್ದನ್ನ ಯಾರೂ ದೊಡ್ಡಕ್ಷರದಲ್ಲಿ ಬರೆಯೋಲ್ಲ ಅಕ್ಕಾ," ಎನ್ನುತ್ತಿದ್ದಳು. ಅಕ್ಕ ಗೆರೆ ಎಳೆಯುವಳು, ತಂಗಿ ಲೋಕದ ಜೊತೆ ಏಗುವಳು. ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಳ್ಳದ ಅಕ್ಕನಿಗೆ ನನ್ನವರು ಎನ್ನಲು ಇದ್ದವಳೂ ಅವಳೊಬ್ಬಳೇ.

ಅನುಮಾನಕ್ಕೆ ಹೊತ್ತು ಗೊತ್ತು ಇರುವುದಿಲ್ಲ ನಿಜ, ಆದರೆ ಇದು ಬಂದದ್ದು ತೀರಾ ಕೆಟ್ಟ ಹೊತ್ತಿನಲ್ಲಿ. ದೊಡ್ಡ ಮ್ಯೂಸಿಯಂ ಒಂದು ಅಕ್ಕನ ಜೀವಮಾನದ ಕೆಲಸವನ್ನೆಲ್ಲ ಒಟ್ಟಿಗೆ ಕೊಂಡು, ಅದಕ್ಕೆಂದೇ ಒಂದು ಕೋಣೆ ಮಾಡುವುದಾಗಿ ಮುಂದೆ ಬಂದಿತ್ತು. ತಿಂಗಳುಗಳಿಂದ ತಂಗಿ ಅದರ ಹಿಂದೆ ಬಿದ್ದಿದ್ದಳು. ಅವರ ಷರತ್ತು ಒಂದೇ: ಎಲ್ಲ ತಗಡುಗಳಿಗೂ ಗೀರು ಬಿದ್ದಿರಬೇಕು, ಸಂಖ್ಯೆಯ ಹೊರಗೆ ಒಂದೇ ಒಂದು ಪ್ರತಿಯೂ ಇರಬಾರದು, ಹಾಗೆಂದು ಕಲಾವಿದೆ ಸಹಿ ಹಾಕಿ ಕೊಡಬೇಕು. ಇಷ್ಟು ಕಾಲ ಯಾರು ಕೇಳಿದ್ದರೂ ಅಕ್ಕ ಎದೆ ತಟ್ಟಿ ಸಹಿ ಹಾಕುತ್ತಿದ್ದಳು. ಈಗ ಕ್ಲಿನಿಕ್ಕಿನ ಆ ಕುರ್ಚಿಗಳು ಬಾಯಲ್ಲಿ ಬಿಸಿ ತುಪ್ಪದ ಹಾಗಾದವು. ಉಗುಳುವಂತಿಲ್ಲ, ನುಂಗುವಂತಿಲ್ಲ.

ನೇರವಾಗಿ ಕೇಳಿದ್ದರೆ ಒಂದು ನಿಮಿಷದ ಮಾತು. ಆದರೆ ಕೇಳುವವಳು ಅಕ್ಕ ಆಗಬೇಕಲ್ಲ! ಕೇಳದೆ ಕಾವಲು ಕೂತಳು. ತಂಗಿ ಫೋನು ಹಿಡಿದು ಅಂಗಳಕ್ಕೆ ಹೋದರೆ ಅನುಮಾನ, ಒಳಗೇ ಕೂತು ಮೆಲ್ಲಗೆ ಮಾತಾಡಿದರೆ ಇನ್ನೂ ಅನುಮಾನ. ಕಾಗದ ಸುತ್ತಿಡುವ ರಟ್ಟಿನ ಕೊಳವೆಯೊಂದು ತಂಗಿಯ ಕೈಚೀಲದಿಂದ ಇಣುಕುತ್ತಿತ್ತು. ಅದು ಮೊದಲೂ ಇಣುಕುತ್ತಿತ್ತು, ಈಗ ಮಾತ್ರ ಅದಕ್ಕೆ ಬಾಯಿ ಬಂದಿತ್ತು.

ಕಟ್ಟು ಹಾಕುವವನ ಅಂಗಡಿಗೆ ಹೋದದ್ದು ಸುಮ್ಮನೆ ಹಾಗೇ ಹೋದಂತೆ. ಅವನು ಮರದ ಪಟ್ಟಿ ಕೊಯ್ಯುತ್ತ, ಬಾಯಲ್ಲಿ ಸಣ್ಣ ಮೊಳೆಗಳನ್ನು ಕಚ್ಚಿಕೊಂಡೇ ಮಾತಾಡುವ ಆಸಾಮಿ.

"ನಿಮ್ಮ ತಂಗಿಯೋರು ಹೋದ ವಾರ ಬಂದಿದ್ರಲ್ಲ ಮೇಡಮ್," ಎಂದ.

"ಹೌದಾ? ಯಾತಕ್ಕೆ?"

"ಇನ್ಯಾತಕ್ಕೆ, ಕಟ್ಟು ಹಾಕಿಸೋಕೆ. ನಿಮ್ಮ ಚಿತ್ರಕ್ಕೇ. ಆಗಾಗ ಬರ್ತಾರಲ್ಲ. ಒಂದೇ ಅಳತೆ, ತೆಳು ಕಪ್ಪು ಪಟ್ಟಿ. ಕೊಳ್ಳೋರಿಗೆ ಕಟ್ಟು ಹಾಕಿಸೇ ಕೊಡ್ತೀರೇನೋ ಅಂದ್ಕೊಂಡೆ."

ಅಕ್ಕ ಚಿತ್ರಗಳನ್ನು ಎಂದೂ ಕಟ್ಟು ಹಾಕಿಸಿ ಕೊಟ್ಟವಳಲ್ಲ. ಕಟ್ಟು ಏನಿದ್ದರೂ ಚಿತ್ರ ಕೊಂಡವರ ತಲೆನೋವು. "ಹೂಂ, ಹಾಗೇ," ಎಂದು ಹೇಳಿ ಹೊರಗೆ ಬಂದವಳಿಗೆ ರಸ್ತೆಯಲ್ಲಿ ಎತ್ತ ಹೋಗಬೇಕೆಂದೇ ತಿಳಿಯಲಿಲ್ಲ. ಅಳು ಬರಲಿಲ್ಲ, ಸಿಟ್ಟು ಬಂತು.

ಆಗ ಹೊಳೆದದ್ದು ಉಪಾಯ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಕಳ್ಳರು ಮಾತ್ರ ಸಿಕ್ಕಬೇಕು.

ಪ್ರೆಸ್ಸಿನ ಪಕ್ಕದಲ್ಲಿ ಆಗ ಒಂದು ತಗಡು ಕಾದಿತ್ತು: ಅಮ್ಮನ ಹೊಲಿಗೆ ಯಂತ್ರ. ಯಂತ್ರ ಎಂದೋ ಗುಜರಿ ಸೇರಿತ್ತು. ಅಕ್ಕ ನೆನಪಿನಿಂದಲೇ ಅದರ ಚಕ್ರ, ಅದರ ಬೆಲ್ಟು, ಕೆಳಗಿನ ಜಾಲರಿಯಂಥ ಪೆಡಲು ಎಲ್ಲ ಕೊರೆದಿದ್ದಳು. ಪೊರೆ ಬಲಿಯುವ ಮೊದಲು ಮುಗಿಸಿದ ಕೊನೆಯ ತಗಡು ಅದು. ಸಂಖ್ಯೆ ಹಾಕುವ ಪ್ರತಿಗಳೆಲ್ಲ ತೆಗೆದು, ಒಣಗಿಸಿ, ಸಹಿಯಾಗಿ ಕಪಾಟಿಗೆ ಸೇರಿದ್ದವು. ಗೀರು ಬೀಳುವುದೊಂದು ಬಾಕಿ. ಈಗ ತಗಡಿಗೆ ಒಂದು ಸಣ್ಣ ಗುರುತು ಸೇರಿಸಿಬಿಟ್ಟರೆ? ಆ ಗುರುತು ಇರುವ ಪ್ರತಿ ಲೋಕದಲ್ಲಿ ಎಲ್ಲಿ ಸಿಕ್ಕರೂ ಅದು ಆಮೇಲೆ ಕದ್ದು ತೆಗೆದದ್ದೇ ಎಂದು ತೀರ್ಮಾನ. ಗೀರಿನ ಸಾಕ್ಷಿಯ ಅಚ್ಚಿನಲ್ಲಿ ಹೇಗೂ ಇರುತ್ತದೆ, ಇರಲಿ. ಗೀರಿಲ್ಲದ ಕಾಗದದ ಮೇಲೆ ಕಂಡರೆ ಕತ್ತು ಹಿಡಿಯಬಹುದು.

ಪೆಡಲಿನ ಜಾಲರಿಯ ಗೆರೆಗಳ ನಡುವೆ ಏನು ಬರೆದರೂ ಗೊತ್ತಾಗುವುದಿಲ್ಲ ಎಂದು ಅಕ್ಕ ಜಾಗ ಆರಿಸಿದಳು. ಭೂತಗನ್ನಡಿ ಹಿಡಿದು, ಅರ್ಧ ಕಣ್ಣಿನಲ್ಲಿ ಅರ್ಧ ಬೆರಳಿನಲ್ಲಿ ನೋಡುತ್ತ ಸೂಜಿ ಊರಿದಳು. ಏನು ಬರೆಯಲಿ ಎಂದು ಯೋಚಿಸಲೂ ಇಲ್ಲ. ತಂಗಿಯ ಮೇಲಿನ ಸಿಟ್ಟಿನಲ್ಲಿ ಕೈ ತಾನಾಗಿ ಒಂದು ಇರುವೆಯನ್ನು ಬರೆಯಿತು.

ಮರುದಿನ ತಗಡನ್ನು ಮೇಜಿನ ಮೇಲಿಟ್ಟು, "ಇದೊಂದು ಮುಗಿಸಿಬಿಡು," ಎಂದು ಹೇಳಿ ಎಂದಿನಂತೆ ಹೊರಟಳು. ಪಾರ್ಕಿನಲ್ಲಿ ಸುತ್ತು ಹೊಡೆದಳು. ದೇವರೇ, ಅವಳು ಕಳ್ಳಿಯಾಗಿರದಿರಲಿ ಎಂದು ಒಂದು ಸುತ್ತು, ಆಗಿದ್ದರೆ ಸಿಕ್ಕಿಬೀಳಲಿ ಎಂದು ಇನ್ನೊಂದು ಸುತ್ತು.

ವಾಪಸು ಬಂದಾಗ ಗೀರು ಬಿದ್ದಿತ್ತು. ಅಮ್ಮನ ಯಂತ್ರದ ಮೇಲೆ ಮೂಲೆಯಿಂದ ಮೂಲೆಗೆ ಕಪ್ಪು ಗೀಟು ಹೊತ್ತು ಸಾಕ್ಷಿಯ ಅಚ್ಚು ದಾರದ ಮೇಲೆ ಒಣಗುತ್ತಿತ್ತು. ತಂಗಿ ಕೈ ತೊಳೆಯುತ್ತಿದ್ದವಳು ತಿರುಗಿ ನೋಡಿದಳು. ಅವಳ ಮುಖದಲ್ಲಿ ಏನೋ ಇತ್ತು. ನಗುವೋ ಅಳುವೋ ತಿಳಿಯದಂಥದ್ದು.

"ತುಂಬ ಚೆನ್ನಾಗಿದೆ ಅಕ್ಕಾ," ಎಂದಳು. ದನಿ ಒದ್ದೆಯಾಗಿತ್ತು.

ಹೊಗಳುವುದು ತಂಗಿಯ ಜಾಯಮಾನವೇ ಅಲ್ಲ. 'ಇದು ಹೋಗುತ್ತೆ', 'ಇದು ನಿಲ್ಲುತ್ತೆ' ಎನ್ನುವ ಮಾರಾಟದ ಎರಡೇ ಮಾತು ಅವಳ ಬಾಯಲ್ಲಿ ಬರುತ್ತಿದ್ದದ್ದು. ಅಕ್ಕ ಮನಸ್ಸಿನಲ್ಲೇ ಗಂಟು ಹಾಕಿಕೊಂಡಳು.

ಅಲ್ಲಿಂದ ಮುಂದೆ ತಂಗಿಯ ನಡವಳಿಕೆಯೇ ಬೇರೆಯಾಯಿತು. ಬರುವಾಗ ಹಣ್ಣು ತಂದಳು. ಅಕ್ಕನ ಹರಿದ ಏಪ್ರನ್ನಿಗೆ ತೇಪೆ ಹಾಕಿದಳು. ಹೋಗುವಾಗ ಬಾಗಿಲಲ್ಲಿ ನಿಂತು ಸುಮ್ಮಸುಮ್ಮನೆ ಭುಜ ಮುಟ್ಟಿದಳು. ಅತಿವಿನಯಂ ಧೂರ್ತಲಕ್ಷಣಂ ಎಂದು ಅಕ್ಕ ಗೊಣಗಿಕೊಂಡಳು. ತಪ್ಪು ಮಾಡಿದವರೇ ಹೀಗೆ ಹಣ್ಣು ತರುವುದು ಎಂದು ಆಕೆಗೆ ಖಾತ್ರಿ.

ಅಷ್ಟರಲ್ಲಿ ಕಣ್ಣಿನ ಆಪರೇಶನ್ ಬಂತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಕಾದವಳು ಕಣ್ಣಿಗೆ ಔಷಧಿ ಬಿಡಿಸಿಕೊಂಡು ಮಲಗಬೇಕಾಯಿತು. ಬಿಡುವವಳೂ ಅದೇ ತಂಗಿ. ಒಂದು ಕಣ್ಣು, ಆಮೇಲೆ ಇನ್ನೊಂದು. "ಮೇಲೆ ನೋಡು... ಮಿಟುಕಿಸಬೇಡ... ಎಳೇ ಮಗು ನೋಡು ನೀನು," ಎಂದು ಗದರಿಸುತ್ತ ಹನಿ ಬಿಡುವಾಗ ತಂಗಿಯ ಬೆರಳಿಗೆ ಎಂದಿನ ಮಸಿಯ ವಾಸನೆಯೇ ಇರುತ್ತಿತ್ತು. ಈ ಮಸಿ ಯಾತರದು, ನಾನು ಮಲಗಿರುವಾಗ ಯಾವ ತಗಡಿಗೆ ಹಚ್ಚಿದ್ದು ಎಂದು ಅಕ್ಕ ಕಣ್ಣು ಮುಚ್ಚಿ ಯೋಚಿಸುವಳು. ಹನಿ ಕೆನ್ನೆಗೆ ಇಳಿದರೆ ತಂಗಿ ಸೆರಗಿನಿಂದ ಒರೆಸುವಳು.

ಕಣ್ಣು ತೋರಿಸಲು ಮತ್ತೆ ಕ್ಲಿನಿಕ್ಕಿಗೆ ಹೋದದ್ದು ಬೆಳಗ್ಗೆ. ಜಗತ್ತು ಈಗ ತೊಳೆದಿಟ್ಟಂತಿತ್ತು. ರಿಸೆಪ್ಶನ್ ಹುಡುಗಿಯ ಅಂಗಿಯ ಗುಂಡಿಯಲ್ಲಿ ದಾರ ಬಿಚ್ಚಿರುವುದೂ ಕಾಣುತ್ತಿತ್ತು. ಅಕ್ಕ ನೆಟ್ಟಗೆ ಕುರ್ಚಿಗಳ ಚಿತ್ರದ ಬಳಿ ಹೋಗಿ ನಿಂತಳು.

ಗೆರೆಗಳೇ ಇರಲಿಲ್ಲ ಅಲ್ಲಿ. ಇದ್ದದ್ದು ಚುಕ್ಕಿಗಳು. ಪತ್ರಿಕೆಯ ಫೋಟೋದಲ್ಲಿ ಇರುತ್ತವಲ್ಲ, ಆ ಬಗೆಯ ಸಾಲು ಸಾಲು ಚುಕ್ಕಿಗಳು. ತಗಡು ಒತ್ತಿದಾಗ ಕಾಗದದಲ್ಲಿ ಬೀಳುವ ಹಳ್ಳದ ಅಂಚೂ ಇಲ್ಲ. ಕಾಗದವಂತೂ ನುಣುಪು, ಹೊಳಪು. ಮೇಲ್ಗಡೆ ಕಟ್ಟಿನ ಪಟ್ಟಿಯ ಕೆಳಗೆ ಅರ್ಧ ಅಡಗಿ ಕೂತಿತ್ತು ಕ್ಯಾಲೆಂಡರಿನ ತಂತಿ ಪೋಣಿಸುವ ತೂತುಗಳ ಸಾಲು. ಯಾವುದೋ ಬ್ಯಾಂಕಿನವರು ಹಿಂದೆ ಕ್ಯಾಲೆಂಡರಿಗೆಂದು ಆಕೆಯ ಚಿತ್ರಗಳನ್ನು ಕೇಳಿದ್ದರು. ತಂಗಿ ಕರಾರು ಮಾಡಿದ್ದಳು, ಅಕ್ಕನೇ ಒಪ್ಪಿ ಸಹಿ ಹಾಕಿದ್ದಳು. ಯಾರೋ ಪುಣ್ಯಾತ್ಮರು ತಾರೀಕು ಕತ್ತರಿಸಿ ಕುರ್ಚಿಗಳಿಗೆ ಗಾಜು ಹಾಕಿಸಿದ್ದರು!

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಪೊರೆಗಣ್ಣಿಗೆ ಕಂಡದ್ದೆಲ್ಲ ಕಳವು. ಅಕ್ಕನಿಗೆ ನಗು ಬಂತು, ನಾಚಿಕೆ ಬಂತು, ಆ ಹುಡುಗಿಯ ಎದುರೇ ಕಣ್ಣಲ್ಲಿ ನೀರೂ ಬಂತು. "ಉಜ್ಜಬೇಡಿ ಮೇಡಮ್!" ಎಂದು ಹುಡುಗಿ ಕೂಗಿದಳು.

ಹೊರಗೆ ಬಂದವಳೇ ಒಂದು ಚೀಲ ಸೇಬು ಕೊಂಡು ತಂಗಿಯ ಮನೆಯ ಹಾದಿ ಹಿಡಿದಳು. ಅಕ್ಕ ಅಲ್ಲಿಗೆ ಹೋಗುವುದೇ ಅಪರೂಪ. ಕೆಲಸವಿದ್ದವರು ತನ್ನಲ್ಲಿಗೆ ಬರುತ್ತಾರೆ ಎನ್ನುವುದು ಆಕೆಯ ರೂಢಿ, ತಂಗಿಗಂತೂ ಯಾವಾಗಲೂ ಕೆಲಸ ಇದ್ದೇ ಇರುತ್ತಿತ್ತು. ಹೋದರೂ ಮುಂದಿನ ಕೋಣೆಯಲ್ಲಿ ಕೂತು, ಕಾಫಿ ಕುಡಿದು, ಎದ್ದುಬರುವಳು. ಕಟ್ಟು ಹಾಕುವವನ ಮಾತು ದಾರಿಯಲ್ಲಿ ಒಮ್ಮೆ ನೆನಪಾಯಿತು. ಅದಕ್ಕೂ ಏನೋ ಕಾರಣ ಇದ್ದೀತು ಎಂದು ಪಕ್ಕಕ್ಕೆ ಸರಿಸಿದಳು.

ಬಾಗಿಲು ತೆಗೆದವನು ತಂಗಿಯ ಗಂಡ. ಸೇಬಿನ ಚೀಲ ನೋಡಿ, "ಏನು ಅತ್ತಿಗೆ, ಹಾದಿ ತಪ್ಪಿ ಬಂದ್ರಾ?" ಎಂದು ನಕ್ಕ. "ಮೇಲಿದಾಳೆ, ಹೋಗಿ. ಬಟ್ಟೆ ಮಡಿಸ್ತಿದಾಳೆ. ಹಾಗೇ ನಿಮ್ಮ ಗೋಡೇನೂ ನೋಡಿಬನ್ನಿ, ನೀವು ನೋಡೇ ಇಲ್ವಲ್ಲ."

"ಯಾವ ಗೋಡೆ?"

"ಅದೇ, ನೀವು ಕೊಟ್ಟ ಚಿತ್ರಗಳದ್ದು. ಎಲ್ಲ ಸೇರಿಸಿ ಒಂದು ಗೋಡೇನೇ ತುಂಬಿಸಿದಾಳೆ."

ಅಕ್ಕ ಮೆಟ್ಟಿಲು ಹತ್ತಿದಳು. ಕೊಟ್ಟ ಚಿತ್ರಗಳು ಎನ್ನುವ ಮಾತು ಒಂದೊಂದು ಮೆಟ್ಟಿಲಿಗೂ ಭಾರವಾಗುತ್ತ ಹೋಯಿತು, ಏಕೆಂದರೆ ತಾನು ಒಂದನ್ನೂ ಕೊಟ್ಟಿರಲಿಲ್ಲ.

ಮಲಗುವ ಕೋಣೆಯ ಗೋಡೆ ಆ ತುದಿಯಿಂದ ಈ ತುದಿಗೆ ತುಂಬಿತ್ತು. ಎಲ್ಲಕ್ಕೂ ಒಂದೇ ಅಳತೆಯ ತೆಳು ಕಪ್ಪು ಕಟ್ಟು. ಕುರ್ಚಿಗಳು, ಕಬ್ಬಿಣದ ಏಣಿ, ಬೀಗ ಹಾಕಿದ ಅಂಗಡಿ, ತಲೆಕೆಳಗಾದ ದೋಣಿ. ಇವು ಚುಕ್ಕಿಗಳಲ್ಲ, ಗೆರೆಗಳೇ. ತಗಡಿನ ಹಳ್ಳದ ಅಂಚು ಸ್ಪಷ್ಟ. ಒಂದರ ಮೇಲೂ ಗೀರಿಲ್ಲ, ಸಹಿಯಿಲ್ಲ, ಸಂಖ್ಯೆಯಿಲ್ಲ. ದಿಂಬಿನ ನೇರಕ್ಕೆ, ಎದ್ದ ಕೂಡಲೇ ಕಣ್ಣಿಗೆ ಬೀಳುವ ಜಾಗದಲ್ಲಿ ಅಮ್ಮನ ಹೊಲಿಗೆ ಯಂತ್ರ. ಅಕ್ಕ ಹತ್ತಿರ ಹೋಗಿ ಪೆಡಲು ನೋಡಿದಳು. ಜಾಲರಿಯ ಮೇಲೆ ಇರುವೆ ಕೂತಿತ್ತು.

ಮಡಿಸಿದ ಟವೆಲುಗಳನ್ನು ಹಿಡಿದು ಪಕ್ಕದ ಕೋಣೆಯಿಂದ ಬಂದ ತಂಗಿ ಬಾಗಿಲಲ್ಲೇ ನಿಂತಳು. ಅಕ್ಕ ಬೈದಳು. ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನೆಲ್ಲ ಒಂದೇ ಉಸಿರಿಗೆ ಹೊರಗೆ ಹಾಕಿದಳು. "ನನ್ನ ಮಾತು ಮಾರಿಬಿಟ್ಟೆಯಲ್ಲೇ! ಲೋಕಕ್ಕೆಲ್ಲ ಕರಾರು ಓದಿ ಹೇಳೋಳು ನೀನು, ನಿನಗೆ ಗೊತ್ತಿರಲಿಲ್ವಾ ಇದೇನು ಅಂತ?"

"ಒಂದನ್ನಾದರೂ ಮಾರಿದೀನಾ?" ಎಂದಳು ತಂಗಿ. ದನಿ ಏರಲಿಲ್ಲ. "ಈ ಕೋಣೆ ಬಿಟ್ಟು ಒಂದಾದರೂ ಹೊರಗೆ ಹೋಗಿದೆಯಾ, ಕೇಳು."

"ತೆಗೆದದ್ದು ಯಾಕೆ?"

ತಂಗಿ ಟವೆಲುಗಳನ್ನು ಮಂಚದ ಮೇಲಿಟ್ಟಳು. "ನಿನ್ನ ಚಿತ್ರ ಯಾರ್ಯಾರ ಮನೇಲೋ ಇದೆ. ಅಷ್ಟನ್ನೂ ರಟ್ಟು ಕಟ್ಟಿ ಕಳಿಸಿದೋಳು ನಾನು. ನನಗೆ ಅಂತ ಒಂದು ಕೊಟ್ಟಿದೀಯಾ?"

"ನೀನು ಕೇಳಲಿಲ್ಲ."

"ಕೇಳಬೇಕಿತ್ತಾ ಅಕ್ಕಾ?" ತಂಗಿ ಗೋಡೆಯ ಕಡೆ ನೋಡಿದಳು. "ಗೀರು ಎಳೆಯೋ ಸದ್ದು ನಿನಗೆ ಆಗೋಲ್ಲ ಅಂತ ಪಾರ್ಕಿಗೆ ಹೋಗ್ತೀಯ. ನನಗೆ ಮಾತ್ರ ಆಗುತ್ತೆ ಅಂತ ಯಾರು ಹೇಳಿದ್ದು? ನಾನೇನು ಕಟುಕಳಾ? ಮೊದಲನೇ ಸಲ ಮೊಳೆ ಹಿಡಿದು ಕೂತೇ ಇದ್ದೆ, ಕೈಯೇ ಬರಲಿಲ್ಲ. ಒಂದು ತೆಗೆದಿಟ್ಟುಕೊಂಡೆ. ಆಮೇಲೆ ಕೈ ಬಂತು. ಪ್ರತಿ ಸಲ ಹಾಗೇ ಆಯಿತು. ತಪ್ಪು ಅಂತ ಗೊತ್ತಿತ್ತು. ಹೇಳಬೇಕು ಅಂತ ಎಷ್ಟೋ ಸಲ ಬಾಯಿವರೆಗೆ ಬಂದಿದೆ."

ತಂಗಿಯೇ ಮುಂದುವರಿಸಿದಳು, ಈಗ ಮುಖದಲ್ಲಿ ಅಂದಿನ ಅದೇ ನಗು-ಅಳು. "ಆದರೆ ನಿನಗೆ ಗೊತ್ತಾಗಿದೆ, ಗೊತ್ತಾಗಿ ಒಪ್ಪಿದೀಯ ಅಂದುಕೊಂಡಿದ್ದೆ. ಇರುವೆ ಹಾಕಿ ಕೊಟ್ಟೆಯಲ್ಲ! ಮಾರೋ ಪ್ರತಿಗಳೆಲ್ಲ ಮುಗಿದ ಮೇಲೆ ಹಾಕಿದೀಯ. ಅದನ್ನ ನನ್ನ ಬಿಟ್ಟು ಇನ್ಯಾರು ನೋಡೋದು? ಅದೂ ಪೆಡಲಿನ ಮೇಲೆ. ಅಮ್ಮ ಹೊಲೀವಾಗ ನಾನು ಅಲ್ಲೇ ಅಲ್ವಾ ಕೂರ್ತಿದ್ದದ್ದು? ಜನ್ಮದಲ್ಲಿ ಮೊದಲನೇ ಸಲ ಅಕ್ಕ ನನ್ನ ಚಿತ್ರ ಬರೆದಳು ಅಂತ ಆವತ್ತು ಪ್ರೆಸ್ಸಿನ ಮುಂದೆ ಕೂತು ಅತ್ತೆ ಕಣೇ."

ಅಮ್ಮನ ಪೆಡಲಿನ ಮೇಲೆ ಕೂರುತ್ತಿದ್ದ ಮಗು ಅಕ್ಕನಿಗೆ ನೆನಪೇ ಇರಲಿಲ್ಲ. ಈಗ ನೆನಪಾಯಿತು. ಅಮ್ಮ 'ಏಳೇ, ಕಾಲು ಸಿಕ್ಕುತ್ತೆ' ಎಂದು ಗದರಿಸುವುದು, ಇವಳು ಏಳದೆ ಗುಂಡಿ ಎಣಿಸುವುದು. ತಂಗಿ ಕಾಯುತ್ತಿದ್ದಳು. ಒಂದು 'ಹೌದು' ಎಂದರೆ ಮುಗಿಯುತ್ತಿತ್ತು.

"ಹೂಂ," ಎಂದಳು ಅಕ್ಕ.

ಹೇಳಿದ್ದು ಸ್ವಲ್ಪ ತಡವಾಯಿತು. ಸಾಸಿವೆ ಗಾತ್ರದ ಅಕ್ಷರ ಓದಿ ಪಳಗಿದವಳಿಗೆ ಅಕ್ಕನ ಮುಖ ಓದುವುದು ಎಷ್ಟರ ಕೆಲಸ? ತಂಗಿಯ ನಗು ನಿಧಾನಕ್ಕೆ ಇಳಿಯಿತು.

"ಕ್ಲಿನಿಕ್ಕಿನ ಹುಡುಗಿ ಹೇಳಿದಳು. ಕುರ್ಚಿ ಚಿತ್ರ ಎಲ್ಲಿಂದ ಬಂತು ಅಂತ ಕೇಳಿದೆಯಂತೆ. ಕಟ್ಟಿನವನೂ ಹೇಳಿದ, ಅಕ್ಕ ಬಂದಿದ್ರು ಅಂತ. ನಾನು ಯಾವುದನ್ನೂ ತಲೆಗೆ ಹಾಕಿಕೊಳ್ಳಲಿಲ್ಲ." ಒಂದು ಹೆಜ್ಜೆ ಹತ್ತಿರ ಬಂದಳು. "ಅದಾದ ಮೇಲೆ ತಾನೆ ಇರುವೆ ಬಂದದ್ದು? ಬೋನಾ ಅಕ್ಕಾ ಇದು? ನನ್ನನ್ನ ಹಿಡಿಯೋಕೆ ಇಟ್ಟದ್ದಾ?"

ಅಕ್ಕ ನೆಲ ನೋಡಿದಳು. ಕೆಳಗಿನಿಂದ ತಂಗಿಯ ಗಂಡ, "ಕಾಫಿ ಮಾಡ್ಲಾ?" ಎಂದು ಕೂಗಿದ.

ಮರುದಿನ ತಂಗಿ ಬರುವುದಿಲ್ಲ ಎಂದೇ ಅಕ್ಕ ಅಂದುಕೊಂಡಿದ್ದಳು. ಬಂದಳು, ಎಂದಿನ ಹೊತ್ತಿಗೇ. ಹಣ್ಣು ತಂದಿರಲಿಲ್ಲ. ಮೇಜಿನ ಮೇಲೆ ಒಂದು ದೊಡ್ಡ ರಟ್ಟಿನ ಫೋಲ್ಡರು ಇಟ್ಟಳು, ಪಕ್ಕಕ್ಕೆ ಮ್ಯೂಸಿಯಂನ ಕರಾರು.

"ಕಟ್ಟು ಬಿಚ್ಚಿ ಎಲ್ಲ ತಂದಿದೀನಿ. ಸರಿಯಾಗಿದೆಯಾ ನೋಡಿಕೋ. ಇವನ್ನ ಹರಿದು ಹಾಕು, ಆಮೇಲೆ ಸಹಿ ಮಾಡು. ಆಗ ಬರೆದದ್ದು ಸುಳ್ಳಾಗೋಲ್ಲ." ಗ್ಯಾಲರಿಯವರ ಜೊತೆ ಮಾತಾಡುವ ದನಿ ಅದು. ಆ ದನಿಯನ್ನು ಅಕ್ಕ ಎಷ್ಟೋ ಸಲ ಪಕ್ಕದಲ್ಲಿ ಕೂತು ಕೇಳಿದ್ದಳು, ತನ್ನ ಕಡೆಗೆ ತಿರುಗಿದ್ದು ಇದೇ ಮೊದಲು.

ಅಕ್ಕ ಫೋಲ್ಡರು ಬಿಚ್ಚಿದಳು. ತೊಳೆದ ಕಣ್ಣಿನಲ್ಲಿ ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದಳು. ಎಲ್ಲೂ ಮಸಿ ಹೆಚ್ಚಾಗಿಲ್ಲ, ಎಲ್ಲೂ ಮಸಿ ಸಾಲದೆ ಗೆರೆ ಹಸಿದಿಲ್ಲ. ಮಾರಲು ತಾನು ತೆಗೆದವಕ್ಕಿಂತ ಇವು ಒಂದು ಕೂದಲು ಮೇಲೇ ಇದ್ದವು. ಅವಸರವಿಲ್ಲದೆ, ಯಾರಿಗೂ ತೋರಿಸಬೇಕಿಲ್ಲದೆ, ಪ್ರೀತಿಯಿಂದ ತೆಗೆದ ಅಚ್ಚುಗಳು. ಹರಿಯುವುದಕ್ಕೆಂದು ಒಂದರ ಅಂಚು ಹಿಡಿದಳು. ಬೆರಳು ಬಗ್ಗಲಿಲ್ಲ.

ಫೋಲ್ಡರು ಬಿಟ್ಟು ಕರಾರು ಎಳೆದುಕೊಂಡಳು. "ಸಂಖ್ಯೆಯ ಹೊರಗೆ ಪ್ರತಿ ಇಲ್ಲ ಅಂತ ಇದೆಯಲ್ಲ, ಆ ಸಾಲು ಹೊಡೆದು ಹಾಕು."

"ಏನಂತ ಬರೀಲಿ?"

"ಪ್ರತಿ ತಗಡಿನದೂ ಒಂದು ಅಚ್ಚು ಹೊರಗಿದೆ. ತೆಗೆದವಳು ಕಲಾವಿದೆಯ ತಂಗಿ, ಅದು ಅವಳದು, ಮಾರಾಟಕ್ಕಿಲ್ಲ. ಹಾಗೆ ಬರಿ."

ತಂಗಿ ಪೆನ್ನು ಕೆಳಗಿಟ್ಟಳು. "ತಲೆ ಕೆಟ್ಟಿದೆಯಾ? ಅವರು ಹಿಂದೆ ಸರೀತಾರೆ. ಇಷ್ಟು ತಿಂಗಳ ಕೆಲಸ ನೀರಲ್ಲಿ ಹೋಮ. ಇಷ್ಟು ವರ್ಷ ಮಾತು ತಪ್ಪಿದೋಳು ಅಂತ ನಿನ್ನನ್ನೇ ಅನ್ನೋದು, ನನ್ನನ್ನಲ್ಲ."

"ಅನ್ನಲಿ. ತಪ್ಪಿದೀವಲ್ಲ, ಇಬ್ಬರೂ."

ತಂಗಿ ಆ ಸಾಲನ್ನು ಇನ್ನೊಮ್ಮೆ ಓದಿದಳು. ಆಮೇಲೆ ಪೆನ್ನು ಎತ್ತಿ, ಸಾಲು ಹೊಡೆದು, ಮೇಲುಗಡೆ ಬರೆಯತೊಡಗಿದಳು. "ಮಾರಾಟಕ್ಕಿಲ್ಲ ಅಂದರೆ ಸಾಲದು. ಬೇರೆಯವರಿಗೆ ಕೊಡೋಕೂ ಇಲ್ಲ ಅಂತ ಸೇರಿಸಬೇಕು," ಎಂದಳು, ತಲೆಯೆತ್ತದೆ. ಅಕ್ಕ ತಿದ್ದಿದ ಸಾಲಿನ ಪಕ್ಕ ಸಹಿ ಹಾಕಿದಳು. 

ಆಮೇಲೆ ಪೆನ್ಸಿಲು ಚೂಪು ಮಾಡಿಕೊಂಡು ಅಚ್ಚುಗಳ ಅಂಚಿಗೆ ಸಹಿ ಹಾಕುತ್ತ ಹೋದಳು. ಸಂಖ್ಯೆಯ ಜಾಗದಲ್ಲಿ 'ತಂಗಿಗೆ' ಎಂದು ಬರೆದಳು. ಕುರ್ಚಿ, ಏಣಿ, ಅಂಗಡಿ, ದೋಣಿ. ತಂಗಿ ಒಂದೊಂದಾಗಿ ಮುಂದಕ್ಕೆ ಸರಿಸುತ್ತಿದ್ದಳು, ಮಾರುವ ಪ್ರತಿಗಳಿಗೆ ಸಹಿ ಹಾಕಿಸುವಾಗ ಸರಿಸುವಂತೆಯೇ. ಕೊನೆಗೆ ಅಮ್ಮನ ಯಂತ್ರ ಬಂತು. ಅಕ್ಕ ಪೆನ್ಸಿಲು ಇಳಿಸುವಷ್ಟರಲ್ಲಿ ತಂಗಿ ಅಂಚಿನ ಮೇಲೆ ಅಂಗೈ ಇಟ್ಟಳು.

"ಇದಕ್ಕೆ ಬೇಡ."

"ಯಾಕೆ?"

"ಇದು ನನಗೆ ಅಂತ ಬರೆದದ್ದಲ್ಲ."

ತಂಗಿ ಬಗ್ಗಿ ಪೆಡಲಿನ ಜಾಗವನ್ನು ನೋಡುತ್ತಿದ್ದಳು.

"ಐದೇ ಕಾಲು ಇವೆ ಇದಕ್ಕೆ. ದಿನಾ ನೋಡ್ತಿದ್ದೆ. ಬೇಕಂತಲೇ ಹಾಗೆ ಮಾಡಿದೀಯ, ತಮಾಷೆಗೆ, ಅಂದುಕೊಂಡಿದ್ದೆ."

"ಕಣ್ಣು ಕಾಣ್ತಿರಲಿಲ್ಲ ಕಣೇ," ಎಂದಳು ಅಕ್ಕ. ಈ ಸಲ ಅಳು ತಡೆಯಲಾಗಲಿಲ್ಲ. "ಈಗ ಕಾಣುತ್ತೆ. ತಗಡು ಕೊಡಿಲ್ಲಿ, ಇನ್ನೊಂದು ಕಾಲು ಹಾಕ್ತೀನಿ. ಸರಿಯಾಗಿ ಹಾಕ್ತೀನಿ."

"ತಗಡಿಗೆ ಗೀರು ಬಿದ್ದಾಗಿದೆ ಅಕ್ಕಾ."

ತಂಗಿ ಆ ಅಚ್ಚನ್ನು ಸಹಿಯಿಲ್ಲದೆಯೇ ಹಗುರಾಗಿ ಸುತ್ತಿ, ರಟ್ಟಿನ ಕೊಳವೆಗೆ ಇಳಿಸಿ, ತನ್ನ ಕೈಚೀಲದಲ್ಲಿ ಇಟ್ಟುಕೊಂಡಳು. ಆಮೇಲೆ ಸೆರಗಿನ ತುದಿಯಿಂದ ಅಕ್ಕನ ಕೆನ್ನೆ ಒರೆಸಿ, "ಉಜ್ಜಬೇಡ, ಇನ್ನೂ ಹಸಿ ಇದೆ," ಎಂದು ಗದರಿಸಿದಳು.